ಗಾಡಿಯ ಬಾಯಿಗೆ ಭಂಡಾರ

ಚಾರ್ಜಿಂಗ್ ತೂತಿನ ಮುಚ್ಚಳ ತೆಗೆದ ಮೆಕ್ಯಾನಿಕ್ ಮೌನೇಶ್ ಕೈಯನ್ನು ಸರಕ್ಕನೆ ಹಿಂದಕ್ಕೆ ಎಳೆದುಕೊಂಡ.

"ಅಕ್ಕಾ, ಏನ್ ತುಂಬೀರಿ ಇದ್ರಾಗ?"

ಪುಷ್ಪಲತಾ ಬಗ್ಗಿ ನೋಡಿದಳು. ಒಳಗೆಲ್ಲ ಹಳದಿ. ತೇವ ಕುಡಿದು ಗಟ್ಟಿಯಾಗಿ, ನಡುವೆ ಸುಟ್ಟ ರೊಟ್ಟಿಯ ಅಂಚಿನಂತೆ ಕಪ್ಪಾದ ಹಳದಿ. ಮೌನೇಶ್ ಸ್ಕ್ರೂಡ್ರೈವರ್‌ನಿಂದ ಕೆರೆದಾಗ ಅಂಗೈಗೆ ಪುಡಿ ಉದುರಿತು. ಬೀರಪ್ಪನ ಒಕ್ಕಲಿನ ಮನೆಗೆ ಸೊಸೆಯಾಗಿ ಬಂದು ಹದಿನಾಲ್ಕು ವರ್ಷವಾದವಳಿಗೆ ಅದೇನೆಂದು ಯಾರೂ ಹೇಳಬೇಕಿರಲಿಲ್ಲ. ಭಂಡಾರ. ದೇವರ ಅರಿಶಿನ. ಕುರಿಯ ಹಣೆಗೂ ಕೂಸಿನ ಹಣೆಗೂ ಹಚ್ಚುವಂಥದ್ದು.



ಉಜ್ಜಿನಿ ಕಡೆಯ ನಾಲ್ಕು ಹಟ್ಟಿಗಳಿಗೆ ಅವಳೇ ಆಶಾ ಕಾರ್ಯಕರ್ತೆ. ಬಸ್ಸು ಕಾಣದ ಆ ಹಾದಿಗಳಿಗೆಂದೇ ಹನ್ನೊಂದು ತಿಂಗಳ ಹಿಂದೆ ಕೊಟ್ಟೂರಿನ ಈ ಶೋರೂಮಿನಲ್ಲಿ ಕರೆಂಟ್ ಸ್ಕೂಟರ್ ಕೊಂಡಿದ್ದಳು. ಮೂರು ದಿನದಿಂದ ಅದು ಸತ್ತು ಬಿದ್ದಿದೆ. ಮೇಲಿನ ಹಟ್ಟಿಯ ಬಸುರಿ ರೋಜಾಗೆ ಒಂಬತ್ತು ತಿಂಗಳು ತುಂಬಿದೆ, ಬಿಪಿ ಏರುತ್ತಿದೆ, ದಿನಾ ಹೋಗಿ ನೋಡಲೇಬೇಕು. ಬ್ಯಾಟರಿಗೆ ಮೂರು ವರ್ಷ ವಾರಂಟಿ ಇದೆಯಲ್ಲ ಎಂಬ ಒಂದೇ ಧೈರ್ಯದಲ್ಲಿ ಲಗೇಜ್ ಆಟೊಗೆ ಗಾಡಿ ಹೇರಿಕೊಂಡು ಬಂದಿದ್ದಳು.

ಶೋರೂಮಿನ ಮಾಲೀಕ ಹಾಲಸ್ವಾಮಿ ಒಳಗಿನಿಂದ ಬಂದು, ತೂತಿನತ್ತ ನೋಡಿ, ನಾಲಿಗೆ ಲೊಚಗುಟ್ಟಿದ.

"ವಾರಂಟಿ ಬರಂಗಿಲ್ರಿ ಅಕ್ಕಾರ. ಶಾರ್ಟ್ ಆಗಿ ಬ್ಯಾಟರಿನೇ ಹೋಗೈತಿ. ಹೊಸದು ಹಾಕಿಸ್ಬೇಕು, ಮೂವತ್ತೆಂಟು ಸಾವಿರ."

"ಮೂರು ವರ್ಷ ಅಂದಿದ್ರಲ್ರಿ ಅಣ್ಣಾರ?"

"ಕಂಪನಿ ತಪ್ಪಿದ್ರ ಮೂರು ವರ್ಷ. ಇದು ಗಾಡಿ ಮಾಲೀಕರ ತಪ್ಪು. ಪುಸ್ತಕದಾಗ ಬರದೈತಿ, ಓದ್ಕಂಡಿಲ್ಲೇನು?"

ಪುಸ್ತಕ ಅವಳ ಚೀಲದಲ್ಲೇ ಇತ್ತು. ತೊಂಬತ್ತಾರು ಪುಟ, ಅಷ್ಟೂ ಇಂಗ್ಲಿಷು. ಗಾಡಿ ಮನೆಗೆ ಬಂದ ದಿನ ಅತ್ತೆ ಗಾದೆಮ್ಮ ಅದನ್ನು ದೇವರ ಮಾಡದಲ್ಲಿ ಇಟ್ಟಿದ್ದಳು. ಅದರ ರಟ್ಟಿನ ಮೇಲೂ ಭಂಡಾರದ ಐದು ಬೆರಳಿನ ಗುರುತಿತ್ತು. ಹಾಲಸ್ವಾಮಿ ಎಪ್ಪತ್ತೊಂದನೇ ಪುಟ ತೆಗೆದು ಇರುವೆಸಾಲಿನಂಥ ಅಕ್ಷರಗಳ ಮೇಲೆ ಬೆರಳಿಟ್ಟ.

"ಇಲ್ನೋಡ್ರಿ. ಚಾರ್ಜಿಂಗ್ ಜಾಗ ಚೊಕ್ಕ ಇಟ್ಕಳ್ಳೋದು ಮಾಲೀಕರ ಜವಾಬ್ದಾರಿ. ಹೊರಗಿನ ವಸ್ತು ಹೋದ್ರ ವಾರಂಟಿ ರದ್ದು. ಕೆಳಗ ನಿಮ್ದೇ ಸಹಿ."

ಸಹಿ ಅವಳದೇ. ಕೊಂಡ ದಿನ ಹೊರಗೆ ಗಾಡಿಯ ಪೂಜೆ ನಡೆಯುವಾಗ, ಒಳಗೆ ಗಡಿಬಿಡಿಯಲ್ಲಿ ತೋರಿಸಿದ ಕಡೆಯೆಲ್ಲ ಗೀಚಿದ್ದು. ಎಪ್ಪತ್ತೊಂದನೇ ಪುಟದ ಹೊತ್ತಿಗೆ ಬದುಕನ್ನು ಬರೆದುಕೊಡುತ್ತಿದ್ದೇನೆಂದು ಆಗ ಯಾರು ಹೇಳಿದ್ದರು? ವಾರಂಟಿಯ ಮಾತನ್ನು ಕನ್ನಡದಲ್ಲಿ ಬಾಯ್ತುಂಬ ಆಡಿ, ಅದನ್ನು ಕಸಿದುಕೊಳ್ಳುವ ಮಾತನ್ನು ಮಾತ್ರ ಇಂಗ್ಲಿಷಿನಲ್ಲಿ ಅಚ್ಚು ಹಾಕಿದ್ದರು.

ಸಿಟ್ಟು ಮೊದಲು ಮನೆಯ ಕಡೆಗೇ ಹರಿಯಿತು. ದಿನಾ ರಾತ್ರಿ ಗಾಡಿ ಚಾರ್ಜಿಗೆ ಹಾಕುತ್ತಿದ್ದವಳು ಅತ್ತೆಯೇ. ಫೋನು ಹಚ್ಚಿದಳು.

"ಅತ್ತಿ, ಗಾಡಿ ಚಾರ್ಜ್ ಹಾಕೋ ತೂತಿನ್ಯಾಗ ಭಂಡಾರ ಹಾಕಿಯೇನು?"

"ಹ್ಞೂಂ ಮತ್ತ," ಗಾದೆಮ್ಮ ಕುರಿಗಳ ಗದ್ದಲದ ನಡುವೆ ಕೂಗಿದಳು. "ಐತವಾರಕ್ಕೊಮ್ಮಿ ಚಿಟಿಕಿ ಹಾಕ್ತೀನಿ. ತಿನ್ನೋ ಬಾಯಿ ಅಲ್ಲೇನದು?"

"ಅಯ್ಯೋ! ಯಾರ್ ಹೇಳಿದ್ರು ನಿನಗ?"

"ಯಾರಂದ್ರ? ಆ ಶೋರೂಮಿನ ಅಣ್ಣನೇ ತೋರಿಸಿದ್ನಲ್ಲೇ! 'ಅವ್ವಾ, ಇದು ಗಾಡಿ ಬಾಯಿ, ಮೊದಲು ಬೀರಪ್ಪಂದು, ಆಮ್ಯಾಲೆ ಕರೆಂಟು' ಅಂತ ಮೊದಲ್ನೇ ಚಿಟಿಕಿ ತಾನೇ ಹಾಕಿದ್ದ. ನಾ ಏನ್ ಹೊಟ್ಯಾಗಿಂದ ತಂದೆನೇನು?"

ಪುಷ್ಪಲತಾ ಫೋನು ಇಳಿಸಿದಳು. ತಲೆಯೆತ್ತಿದಳು. ಶೋರೂಮಿನ ಗೋಡೆಯ ಟಿವಿಯಲ್ಲಿ ಗಿರಾಕಿಗಳ ಪೂಜೆಯ ವಿಡಿಯೊಗಳು ಒಂದಾದ ಮೇಲೊಂದು ಓಡುತ್ತಿದ್ದವು. ಬಂದಾಗಿನಿಂದ ಅದರ ಕೆಳಗೇ ನಿಂತಿದ್ದಳು, ನೋಡಿರಲಿಲ್ಲ. ಯಾರೋ ಕಾಯಿ ಒಡೆದರು, ಯಾರೋ ನಿಂಬೆಹಣ್ಣು ತುಳಿಸಿದರು. ಆಮೇಲೆ ಬಂದದ್ದು ಅವಳದೇ ನೀಲಿ ಗಾಡಿ. ಪಕ್ಕದಲ್ಲಿ ಹೊಸ ಸೀರೆಯ ಗಾದೆಮ್ಮ. ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತು, ಕ್ಯಾಮರಾಕ್ಕೆ ಹಲ್ಲು ತೋರಿಸುತ್ತ, ತೂತಿನೊಳಗೆ ಚಿಟಿಕೆ ಚಿಟಿಕೆ ಭಂಡಾರ ಹಾಕುತ್ತಿದ್ದವನು ಹಾಲಸ್ವಾಮಿ. ಕೆಳಗೆ ದಪ್ಪ ಅಕ್ಷರ: ನಮ್ಮ ದೇವರು, ನಮ್ಮ ಗಾಡಿ.

"ಅಣ್ಣಾರ," ಎಂದಳು. ದನಿ ಅವಳದಲ್ಲ ಎನಿಸುವಷ್ಟು ತಣ್ಣಗಿತ್ತು. "ಆ ಕೈ ಯಾರ್ದು?"

ಹಾಲಸ್ವಾಮಿ ರಿಮೋಟಿಗೆ ತಡಕಾಡಿದ. ಟಿವಿ ಕಪ್ಪಾಯಿತು.

"ಅದು ಶಾಸ್ತ್ರಕ್ಕ ಹಾಕಿದ್ದು, ಅಕ್ಕಾರ. ಒಂದ್ ಚಿಟಿಕಿ. ನೀವು ವಾರಾ ವಾರಾ ಹಾಕಿದ್ರ ನಾ ಏನ್ ಮಾಡ್ಲಿ?"

"ಟಿವಿ ಆರಿಸಿದ್ರ ಏನಾತ್ರಿ? ಆ ವಿಡಿಯೊ ನೀವೇ ಊರೂರಿಗೆ ಕಳಿಸೀರಿ. ನಮ್ಮ ಹಟ್ಯಾಗ ಫೋನ್ ಇದ್ದೋರೆಲ್ಲಾರ ಹತ್ರ ಐತಿ. ನಾನೊಬ್ಬಾಕಿ ಸರಿಯಾಗಿ ನೋಡಿರ್ಲಿಲ್ಲ ಅಷ್ಟ."

ಗಾಡಿಯ ಹಿಂದೆ ಕೂತಿದ್ದ ಮೌನೇಶ್ ತಲೆಯೆತ್ತದೆ ಗೊಣಗಿದ. "ಅದ್ಕ ನೋಡ್ರಿ, ಈ ತಿಂಗಳದಾಗ ಇದು ಐದನೇ ಹಳದಿ ಬಾಯಿ."

"ಲೇ ಮೌನೇಶಾ! ಕೆಲಸ ನೋಡಲೇ!"

ಐದು. ಅಂದರೆ ನಾಲ್ವರು ಇದೇ ಮೇಜಿನ ಮುಂದೆ ನಿಂತು, ಮನೆಯ ಮುದುಕಿಯನ್ನು ಬೈದುಕೊಂಡು, ತಪ್ಪು ನಮ್ಮದೇ ಎಂದು ಸಹಿ ಹಾಕಿ ಹೋಗಿದ್ದಾರೆ.

ಪುಷ್ಪಲತಾ ಕುರ್ಚಿ ಎಳೆದು ಕೂತಳು. ಅವಳ ಸಹಿಗೆಂದು ಮೇಜಿನ ಮೇಲಿಟ್ಟಿದ್ದ, ವಾರಂಟಿ ತಿರಸ್ಕರಿಸಿದ ಫಾರ್ಮಿನಲ್ಲಿ ಹಾನಿಗೆ ಕಾರಣ ಬರೆಯುವ ಜಾಗ ಖಾಲಿಯಿತ್ತು. ಬಾಣಂತಿ ಕಾರ್ಡು ತುಂಬಿ ಪಳಗಿದ ಕೈಯಿಂದ ದುಂಡಗೆ ಕನ್ನಡದಲ್ಲಿ ಬರೆದಳು: "ಚಾರ್ಜಿಂಗ್ ತೂತಿಗೆ ಭಂಡಾರ ಹಾಕಲು ಕಲಿಸಿದವರು ಶೋರೂಮಿನ ಮಾಲೀಕರು. ವಿಡಿಯೊ ಇದೆ." ಫೋಟೊ ಹೊಡೆದುಕೊಂಡಳು.

ಓದಿದ ಹಾಲಸ್ವಾಮಿಯ ಮುಖ ಬೂದಿಯಾಯಿತು. "ಹಿಂಗ ಬರದ್ರ ಕಂಪನಿಯವ್ರು ನನ್ನ ಡೀಲರ್‌ಶಿಪ್ ಕಿತ್ಗೊಂತಾರ್ರೀ!"

"ನನ್ನ ಗಾಡಿ ಕಿತ್ಗೊಂಡಾಗ ಪುಸ್ತಕ ತೋರ್ಸಿದ್ರಿ. ನಿಮ್ಮ ತಪ್ಪು ಎಷ್ಟನೇ ಪುಟದಾಗ ಐತಿ, ಹುಡುಕ್ರಿ."

ಅವನು ಗಿರಾಕಿಗಳಿಗೆ ಓಡಿಸಿ ತೋರಿಸುವ ಬಿಳಿ ಸ್ಕೂಟರಿನ ಕೀಲಿ ಮೇಜಿನ ಮೇಲಿಟ್ಟ. "ನಿಮ್ಮ ಬ್ಯಾಟರಿ ತರಸ್ತೀನಿ. ಅಲ್ಲೀತನ ಇದು ಒಯ್ರಿ. ಆದ್ರ ಈ ಮಾತು ಹೊರಗ ಹೋಗಬಾರ್ದು."

ರೋಜಾಳ ಬಾತ ಪಾದಗಳು ಕಣ್ಣ ಮುಂದೆ ಬಂದವು. ಕೀಲಿ ತೆಗೆದುಕೊಂಡಳು.

"ನಮ್ಮ ಬಸುರಿ ರೋಜಾನ್ನ ನೋಡಾಕ ಹೋಗಬೇಕು, ಕೀಲಿ ಒಯ್ತೀನಿ. ಬಾಯಿ ಮುಚ್ಚದು ನನ್ನ ಕೈಲಿ ಆಗಲ್ಲ. ಮೌನೇಶಣ್ಣ, ಉಳಿದ ನಾಲ್ವರು ಯಾರು?"

ಮೌನೇಶ್ ಮಾಲೀಕನತ್ತ ನೋಡಿದ. ಆಮೇಲೆ ತನ್ನ ಹಳದಿ ಅಂಗೈ ನೋಡಿಕೊಂಡ. ಕೆಲಸದ ರಿಜಿಸ್ಟರನ್ನು ತಿರುಗಿಸಿ ಅವಳ ಮುಂದೆ ತಳ್ಳಿದ.

"ಮೊದಲ್ನೇದು ಇಟ್ಟಿಗಿ ಊರಿನ ಹಂಪಮ್ಮ. ಹೊಲಿಗಿ ಬಟ್ಟಿ ಮನಿಮನಿಗೆ ಮುಟ್ಟಿಸ್ತಿದ್ಲು. ಆಕಿ ಗಾಡಿನ ಗುಜರಿಗೆ ಹಾಕಿಬಿಟ್ಲಂತ್ರಿ."

 ಪುಷ್ಪಲತಾ ರಿಜಿಸ್ಟರಿನಲ್ಲಿದ್ದ ಅವಳ ನಂಬರು ಫೋನಿನಲ್ಲಿ ಒತ್ತಿ, ಹಾಲಸ್ವಾಮಿಗೂ ಕೇಳಿಸಲೆಂದು ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಳು. ಆಚೆ ಒಂದು ಹೆಂಗಸಿನ ದನಿ, "ಯಾರ್ರಿ?" ಎಂದಿತು.

"ಹಂಪಮ್ಮಕ್ಕಾ, ನಾ ನಿನಗ ಗೊತ್ತಿಲ್ಲ. ಒಂದ್ ಮಾತು ಕೇಳ್ತೀನಿ. ಗಾಡಿ ಬಾಯಿಗೆ ಭಂಡಾರ ಹಾಕು ಅಂತ ನಿನಗ ಯಾರು ಹೇಳಿದ್ರು?"