ಬಿಸಿ ರೊಟ್ಟಿ ಮೊದಲು ಯಾರಿಗೆ?

ಇದು ನಡೆದ ಮಾತು. ಇದರಲ್ಲಿ ಒಂದು ಅಕ್ಷರ ಸುಳ್ಳಿದ್ದರೆ, ನಾಳೆ ಬೆಳಗಾಗುವಷ್ಟರಲ್ಲಿ ತಿಪಟೂರು ಸೀಮೆಯ ತೆಂಗಿನ ಮರಗಳೆಲ್ಲ ತಲೆಕೆಳಗಾಗಿ ನಿಂತು, ಜನ ಕೂತಲ್ಲೇ ಕಾಯಿ ಕೀಳುವಂತಾಗಲಿ. ನಡೆದದ್ದು ಎಂಬತ್ತೆರಡನೇ ಇಸವಿಯಲ್ಲಿ, ಹಂದನಕೆರೆಯಲ್ಲಿ. ಉಪ್ಪು ಖಾರ ಸೇರಿಸುವುದು ಅಡುಗೆಯವರ ಕೆಲಸ, ನನ್ನದಲ್ಲ.

ಆ ಊರಿನಲ್ಲಿ ಚಿಕ್ಕಗೌರಮ್ಮ ಅಂತ ಒಬ್ಬ ಸೊಸೆ ಇದ್ದಳು. ಗಂಡ ರಂಗಪ್ಪ, ಮಾವ ಗಂಗಾಧರಯ್ಯ, ಅತ್ತೆ ರಾಮಲಕ್ಷ್ಮಮ್ಮ. ತೆಂಗಿನ ತೋಟ, ರಾಗಿ ಹೊಲ, ಕರೆಯುವ ಎಮ್ಮೆ, ಅಟ್ಟದ ತುಂಬ ಕೊಬ್ಬರಿಗೆ ಬಿಟ್ಟ ಕಾಯಿ, ಎಲ್ಲ ಇತ್ತು. ಇಲ್ಲದ್ದು ಚಿಕ್ಕಗೌರಮ್ಮನಿಗೆ ಕೂರುವ ಪುರುಸೊತ್ತು. ಅವಳ ಸುಸ್ತು ಎಂಥದ್ದು ಅಂದರೆ, ಅವಳು ಕೊಟ್ಟಿಗೆಗೆ ಕಾಲಿಟ್ಟರೆ ಎಮ್ಮೆಗೆ ಆಕಳಿಕೆ ಬರುತ್ತಿತ್ತು. ಮುದ್ದೆ ತಿರುವುತ್ತ ನಿಂತಲ್ಲೇ ಕಣ್ಣು ಮುಚ್ಚಿಬಿಡುತ್ತಿದ್ದಳು. ಕೋಲು ತನ್ನ ಪಾಡಿಗೆ ತಾನು ತಿರುಗಿ, ಮುದ್ದೆ ಬೆಂದ ಮೇಲೆ ಅವಳನ್ನು ಎಬ್ಬಿಸುತ್ತಿತ್ತಂತೆ.

ನಗುವ ಮಾತು ಇಲ್ಲಿಗೆ ಸಾಕು. ಹಿಂದಿನ ವರ್ಷ ಅವಳಿಗೊಂದು ಮಗು ಹುಟ್ಟಿತ್ತು. ಅಂಗೈಯಗಲದ ಮಗು, ಅಳುವುದಕ್ಕೂ ತ್ರಾಣವಿರಲಿಲ್ಲ. ವಾರ ತುಂಬುವ ಮೊದಲೇ ಹೋಯಿತು. ಈಗ ಮತ್ತೆ ಬಸುರಿ, ಆರು ತಿಂಗಳು. ಈ ಮಗುವಾದರೂ ಉಳಿದೀತೇ ಎನ್ನುವುದೊಂದೇ ಅವಳ ಚಿಂತೆ. ಆದರೆ ಚಿಂತೆ ಮಾಡುವುದಕ್ಕೂ ಸುಸ್ತು.

ಊರಿಗೆ ಬರುವ ನರ್ಸಮ್ಮ ಶಾಂತಕುಮಾರಿ ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಳು. ಕೆಂಪಿರಬೇಕಾದ ಕಡೆ ಹತ್ತಿಯ ಹಾಗೆ ಬೆಳ್ಳಗಿತ್ತು. ದಿನಾ ಏನು ಉಣ್ಣುತ್ತೀಯ ಎಂದು ಕೇಳಿದಳು.

"ಉಳ್ದಿದ್ದು ಕಣಕ್ಕ," ಅಂದಳು ಚಿಕ್ಕಗೌರಮ್ಮ.

ಸುಳ್ಳಲ್ಲ. ಆ ಮನೆಯಲ್ಲಿ ಮೊದಲು ಗಂಡಸರು ಉಣ್ಣಬೇಕು. ಆಮೇಲೆ ಕಾಯಿ ಕೀಳಲು ಬಂದವರು. ಆಮೇಲೆ ಅತ್ತೆ. ಸೊಸೆಯ ಸರದಿ ಬರುವಾಗ ಸಾರಿನಲ್ಲಿ ಕಾಳಿರುತ್ತಿರಲಿಲ್ಲ, ಮುದ್ದೆಯ ಬದಲು ಪಾತ್ರೆಗೆ ಹಿಡಿದ ಸೀಕು ಇರುತ್ತಿತ್ತು. ನಡುವೆ ಒಂದು ತುತ್ತು ಬಾಯಿಗೆ ಹಾಕಿದರೆ ಅಡುಗೆಯೆಲ್ಲ ಎಂಜಲು. ಉಪ್ಪು ನೋಡುವುದಕ್ಕೂ ನಾಲಿಗೆ ತಾಗಿಸುವ ಹಾಗಿಲ್ಲ, ವಾಸನೆಯಲ್ಲೇ ತಿಳಿಯಬೇಕು.

ಬಸುರಿಗೆ ಹೊಟ್ಟೆತುಂಬ ಕೊಡಿ, ಸೊಪ್ಪು ಕಾಳು ಕೊಡಿ, ಮಧ್ಯಾಹ್ನ ಮಲಗಿಸಿ ಎಂದು ನರ್ಸಮ್ಮ ಹೇಳಿದರೆ, ರಾಮಲಕ್ಷ್ಮಮ್ಮ ಕೇಳಲಿಲ್ಲ. ಹೆಚ್ಚು ಉಂಡರೆ ಕೂಸು ದಪ್ಪನಾಗಿ ಹೆರಿಗೆ ಕಷ್ಟ ಎಂದು ವಾದ ಹೂಡಿದಳು. ದಪ್ಪ ಕೂಸಿನಿಂದ ಸತ್ತವರಿಗಿಂತ ರಕ್ತವಿಲ್ಲದೆ ಸತ್ತವರೇ ಜಾಸ್ತಿ ಎಂದು ನರ್ಸಮ್ಮ ಎಷ್ಟು ಹೇಳಿದರೂ ಆಕೆ ಜಗ್ಗಲಿಲ್ಲ.

"ನಾನೂ ಹಿಂಗೇ ಬಾಳಾಟ ಮಾಡ್ನಿಲ್ವಾ ನರ್ಸಮ್ಮ? ನೀವು ಓದಿದೋರು, ಏನೋ ಹೇಳ್ತೀರಿ. ನಮ್ಮನೇಲಿ ನಡ್ಕಂಡು ಬಂದಿದ್ದು ನಡೀತೈತೆ."

ಹೀಗಿರುವಾಗ ಶಾಂತಕುಮಾರಿ ಊರಿಗೆ ಒಬ್ಬಳನ್ನು ಕರೆತಂದಳು. ಅಮೆರಿಕದ ಕೆಳಗೆ ಮೆಕ್ಸಿಕೋ ಅಂತ ದೇಶವಿದೆಯಲ್ಲ, ಅಲ್ಲಿಯವಳು. ತಾಯಿ ಮಕ್ಕಳ ಊಟದ ಕೆಲಸ ಕಲಿಯಲು ತುಮಕೂರು ಕಡೆಗೆ ಬಂದಿದ್ದಳು. ಹೆಸರು ಎಲ್ವೀರಾ. ಊರ ಹೆಂಗಸರು ಸಂಜೆಯೊಳಗೆ ಅವಳನ್ನು ಎಲ್ವೀರಮ್ಮ ಮಾಡಿದರು. ಮಹಿಳಾ ಮಂಡಳಿಯವರು ಶಾಲೆಯಲ್ಲಿ ಮೂರು ದಿನದ ಶಿಬಿರ ಇಟ್ಟರು. ಎಲ್ವೀರಮ್ಮ ತನ್ನ ಕಡೆಯ ಅಡುಗೆ, ಹಾಡು, ಕೈಕೆಲಸ ತೋರಿಸಬೇಕು, ನಮ್ಮದು ನಾವು ತೋರಿಸಬೇಕು.

ಮೊದಲ ದಿನ ಎಲ್ವೀರಮ್ಮ ಬಣ್ಣದ ಕಾಗದ ಮಡಚಿ ಕತ್ತರಿಯಾಡಿಸಿದಳು. ಬಿಚ್ಚಿದರೆ ಹಕ್ಕಿ, ಹೂವು, ಬಳ್ಳಿ. ಅದನ್ನು ದಾರಕ್ಕೆ ಅಂಟಿಸಿ ಶಾಲೆಯ ತುಂಬ ಕಟ್ಟಿದರು. ಗಾಳಿ ಬಂದಾಗ ಕಾಗದದ ಹಕ್ಕಿಯೊಂದು ಹಾರಿಹೋಗಿ ಬೋರನಕಣಿವೆ ಡ್ಯಾಮಿನ ಹತ್ತಿರ ನೀರು ಕುಡಿಯುತ್ತಿತ್ತು ಎಂದು ನೋಡಿದವರು ಹೇಳುತ್ತಾರೆ. ಆಮೇಲೆ ಅವಳು ತಾಯಿಯಿಂದ ಕಲಿತ ಹಾಡೊಂದನ್ನು ಹಾಡಿದಳು. ಜೋಳ ಅರೆಯುವಾಗ ಹೇಳುವ ಹಾಡಂತೆ. ಪದ ತಿಳಿಯಲಿಲ್ಲ, ಬೆನ್ನು ನೋವು ಮಾತ್ರ ಎಲ್ಲರಿಗೂ ತಿಳಿಯಿತು. ಅವರಲ್ಲೂ ಹೆಂಗಸರು ಮಂಡಿಯೂರಿ ಕಲ್ಲಿನ ಮೇಲೆ ಅರೆಯುತ್ತಾರೆಂದು ಕೇಳಿ ಮುದುಕಿ ಸಿದ್ದಮ್ಮ ನಿಟ್ಟುಸಿರು ಬಿಟ್ಟಳು.

"ಸಮುದ್ರ ದಾಟಿದ್ರೂ ಅರೆಯೋ ಕಲ್ಲು ತಪ್ಪಲ್ಲ ಅನ್ನು."

ಎರಡನೇ ದಿನ ಮುಸುಕಿನ ಜೋಳ ಬೇಯಲಿಕ್ಕಿಟ್ಟು ಎಲ್ವೀರಮ್ಮ ಸುಣ್ಣ ಕೇಳಿದಳು. ಎಲೆ ಅಡಿಕೆಗೇನೋ ಎಂದು ಸಿದ್ದಮ್ಮ ತನ್ನ ಸುಣ್ಣದ ಡಬ್ಬಿ ಕೊಟ್ಟರೆ, ಆಕೆ ಸುಣ್ಣ ತೆಗೆದು ಜೋಳದ ನೀರಿಗೇ ಕಲಸಿದಳು. ಹೆಂಗಸರು ಗಾಬರಿಯಾದರು. ಬಾಯಿ ಸುಟ್ಟೀತು ಎಂದರು ಕೆಲವರು, ಗೋಡೆಗೆ ಬಳಿಯುವುದೇ ಒಳ್ಳೆಯದು ಎಂದರು ಕೆಲವರು. ರಾತ್ರಿಯೆಲ್ಲ ನೆನೆದ ಜೋಳವನ್ನು ಬೆಳಿಗ್ಗೆ ಹಲವು ನೀರಿನಲ್ಲಿ ಉಜ್ಜಿ ತೊಳೆದಾಗ ಸುಣ್ಣವೂ ಹೋಯಿತು, ಸಿಪ್ಪೆಯೂ ಹೋಯಿತು. ಹೀಗೆ ಮಾಡಿದರೆ ಜೋಳದ ಸತ್ವ ಮೈಗೆ ಹತ್ತುತ್ತದೆ, ಮೂಳೆಗೂ ಒಳ್ಳೆಯದು ಎಂದು ನರ್ಸಮ್ಮ ಬಿಡಿಸಿ ಹೇಳಿದಳು. ಅದನ್ನು ಅರೆದು ತಟ್ಟಿ ಹೆಂಚಿಗೆ ಹಾಕಿದಾಗ ಎದ್ದ ಘಮಕ್ಕೆ ಕಂದಿಕೆರೆಯಲ್ಲಿ ಇಸ್ಪೀಟಾಡುತ್ತಿದ್ದವರು ರಾಜ ರಾಣಿಯನ್ನು ಬಿಟ್ಟು ಎದ್ದರಂತೆ.

ಆ ಮೂರನೇ ದಿನ ಊರವರೆಲ್ಲ ಕೂಡಿ ಉಣ್ಣುವ ದಿನ. ರೊಟ್ಟಿ ತಟ್ಟುವ ಕೆಲಸ ಚಿಕ್ಕಗೌರಮ್ಮನ ಪಾಲಿಗೆ ಬಂತು, ಅವಳ ಕೈ ಅಷ್ಟು ಚೊಕ್ಕ. ಜೊತೆಗೆ ಅವರೆಕಾಳಿನ ಸಾರು, ತೆಂಗಿನಕಾಯಿ ಚಟ್ನಿ. ಹೆಂಚಿನಿಂದ ಇಳಿದ ಮೊದಲ ರೊಟ್ಟಿಯನ್ನು ತಟ್ಟೆಗೆ ಹಾಕಿ ಅವಳು ಎಲ್ವೀರಮ್ಮನ ಮುಂದೆ ಹಿಡಿದಳು. ಎಲ್ವೀರಮ್ಮ ಮುಟ್ಟಲಿಲ್ಲ. ಕಲಿತ ನಾಲ್ಕು ಕನ್ನಡ ಮಾತಿನಲ್ಲೇ ಮೆಲ್ಲಗೆ ಹೇಳಿದಳು.

"ಮೊದಲು ನೀವು."

ಶಾಂತಕುಮಾರಿ ಎಲ್ಲರಿಗೂ ತಿಳಿಸಿದಳು: ಎಲ್ವೀರಮ್ಮನ ತಾಯಿಯ ಮನೆಯಲ್ಲಿ ಮೊದಲ ರೊಟ್ಟಿ ತಟ್ಟಿದ ಕೈಗೇ ಸೇರಬೇಕು. ಒಲೆ ಮುಂದೆ ಬೇಯುವವಳ ಹೊಟ್ಟೆ ಖಾಲಿಯಿದ್ದರೆ ಉಂಡವರ ಮೈಗೆ ಹತ್ತುವುದಿಲ್ಲ ಎಂದು ಆಕೆಯ ತಾಯಿ ಹೇಳುತ್ತಿದ್ದಳಂತೆ. ಅದರಲ್ಲೂ ಇವಳು ಬಸುರಿ.

ಚಿಕ್ಕಗೌರಮ್ಮ ಅತ್ತೆಯ ಕಡೆ ನೋಡಿದಳು. ಊರಿಗೆ ಬಂದವರು ಉಣ್ಣದೆ ತಾನು ಹೇಗೆ ಉಂಡಾಳು? ಅದೂ ಅತ್ತೆಯ ಎದುರು. ತಟ್ಟೆ ಹಿಡಿದು ಹಾಗೇ ನಿಂತಳು. ಎಲ್ವೀರಮ್ಮನೂ ಕೈಕಟ್ಟಿ ಹಾಗೇ ಕೂತಳು. ನೆಂಟರು ಉಣ್ಣದೆ ಊರವರು ಉಣ್ಣುವ ಹಾಗಿಲ್ಲ. ಊರಿಗೆ ಊರೇ ಹಸಿದು ಆ ಒಂದು ರೊಟ್ಟಿಯನ್ನೇ ನೋಡುತ್ತ ಕೂತಿತು. ಕಿಟಕಿಯಲ್ಲಿ ಕಾದಿದ್ದ ಕಾಗೆ ಬೇಸತ್ತು, ಬೈದುಕೊಳ್ಳುತ್ತ ಬೇರೆ ಊರಿಗೆ ಹೊರಟುಹೋಯಿತು.

ನಿಂತಿದ್ದ ಚಿಕ್ಕಗೌರಮ್ಮನ ಕಾಲು ಸೋತಿತು. ಗೋಡೆಗೆ ಒರಗಿಕೊಂಡೇ ಕೆಳಕ್ಕೆ ಜಾರಿ ಕೂತುಬಿಟ್ಟಳು. ಮುಖ ಬಿಳುಚಿ, ಹಣೆಯ ತುಂಬ ಬೆವರು. ತಟ್ಟೆಯನ್ನು ಮಾತ್ರ ವಾಲಿಸಿರಲಿಲ್ಲ.

ರಾಮಲಕ್ಷ್ಮಮ್ಮ ಒಲೆಯ ಹತ್ತಿರದಿಂದ ಎದ್ದು ಬಂದಳು. ಬೈಯುತ್ತಾಳೆ ಎಂದೇ ಎಲ್ಲರೂ ತಿಳಿದರು. ಅವಳು ಸೊಸೆಯ ಪಕ್ಕ ಕೂತು, ಸೆರಗಿನಿಂದ ಅವಳ ಹಣೆ ಒರೆಸಿ, ನೀರು ಕುಡಿಸಿದಳು. ರೊಟ್ಟಿ ಮುರಿದು ಚಟ್ನಿಯಲ್ಲಿ ಅದ್ದಿ ಅವಳ ಬಾಯಿಗೆ ಹಿಡಿದಳು.

"ಉಣ್ಣು ಕಣೇ. ಯಾರೂ ಏನೂ ಅನ್ನಲ್ಲ. ಅನ್ನೋಳು ನಾನೇ ತಾನೆ?"

ಚಿಕ್ಕಗೌರಮ್ಮ ತಿಂದಳು. ಉಳಿದರ್ಧವನ್ನು ಅತ್ತೆಗೇ ಕೊಟ್ಟಳು. ರಾಮಲಕ್ಷ್ಮಮ್ಮ ಅದನ್ನು ಬಾಯಿಗಿಟ್ಟು ಸುಮಾರು ಹೊತ್ತು ಅಗಿಯುತ್ತ ಕೂತಳು. ಒಲೆಯಿಂದ ಇಳಿಸಿದ ಬಿಸಿಯಲ್ಲೇ ಒಂದು ತುತ್ತು ಉಂಡು ಆಕೆಗೆ ಅಭ್ಯಾಸವೇ ಇರಲಿಲ್ಲ. ಕಣ್ಣಲ್ಲಿ ನೀರು ಬಂದದ್ದಕ್ಕೆ ಚಟ್ನಿಯ ಖಾರವನ್ನು ದೂರಿದಳು.

ಆ ರಾತ್ರಿ ಮನೆಯಲ್ಲಿ ಗಂಗಾಧರಯ್ಯ ಮಗನ ಜೊತೆ ಊಟಕ್ಕೆ ಕೂತ. ರಾಮಲಕ್ಷ್ಮಮ್ಮ ಮೊದಲ ಮುದ್ದೆಯನ್ನು ಸೊಸೆಯ ತಟ್ಟೆಗೆ ಹಾಕಿದಳು. ಸಾರಿನ ಕಾಳನ್ನೂ ಅವಳಿಗೇ ಬಡಿಸಿದಳು. ಗಂಗಾಧರಯ್ಯನ ಹುಬ್ಬು ಹಣೆ ದಾಟಿ ರುಮಾಲಿನೊಳಗೆ ಹೋಯಿತು.

"ಏನೇ ಇದು, ಹೊಸಾ ಕಾನೂನು? ಗಂಡಸ್ರು ಇನ್ನೂ ಕೈ ತೊಳ್ದಿಲ್ಲ."

ರಾಮಲಕ್ಷ್ಮಮ್ಮ ದನಿಯೇರಿಸಲಿಲ್ಲ. ದನಿಯೇರಿಸುವ ತ್ರಾಣವೂ ಅವಳಲ್ಲಿ ಉಳಿದಿರಲಿಲ್ಲ.

"ನಾನು ಎಷ್ಟು ಹೆತ್ತೆ, ಎಷ್ಟು ಮಣ್ಣು ಮಾಡ್ದೆ, ನಿಂಗೂ ಗೊತ್ತೈತೆ. ಕೈಗೆ ಬಂದೋನು ಈ ರಂಗ ಒಬ್ನೇ. ಅವೆಲ್ಲಾ ನನ್ನ ಹೊಟ್ಟೇಲಿ ಉಳ್ದಿದ್ದೇ ಉಂಡ್ಕಂಡು ಹೋದ್ವು. ಇದಾದ್ರೂ ಬಿಸೀದು ಉಣ್ಲಿ ಬುಡು."

ರಂಗಪ್ಪ ತಲೆ ತಗ್ಗಿಸಿ ಕೂತಿದ್ದ. ಕೊನೆಗೆ ಗಂಗಾಧರಯ್ಯನೇ ಚಾಪೆಯ ತುದಿಗೆ ಸರಿದ.

"ಜರುಗ್ಲಾ ರಂಗ. ಅವ್ರೂ ಕೂತ್ಕಳ್ಳಿ. ನಾಳಿಕ್ಕೆ ಅಟ್ಟದಿಂದ ಒಂದು ಕಾಯಿ ಇಳಿಸ್ಕೊಡು, ಚಟ್ನಿಗೆ."

ಮಾರುವ ಕಾಯಿಯನ್ನು ಮನೆಯ ಹೆಂಗಸರಿಗೆಂದು ಅವನು ಅಟ್ಟದಿಂದ ಇಳಿಸಲು ಹೇಳಿದ್ದು ಅದೇ ಮೊದಲು.

ಅಲ್ಲಿಂದ ಮುಂದೆ ಚಿಕ್ಕಗೌರಮ್ಮ ಸೊಪ್ಪು ಕಾಳು ಉಂಡಳು, ನರ್ಸಮ್ಮ ಕೊಟ್ಟ ಮಾತ್ರೆ ತಪ್ಪಿಸಲಿಲ್ಲ, ಮಧ್ಯಾಹ್ನ ಒಂದು ಗಳಿಗೆ ಮಲಗಿದಳು. ತಿಂಗಳು ತುಂಬಿದಾಗ ಆಸ್ಪತ್ರೆಯಲ್ಲಿ ಹೆಣ್ಣು ಮಗು ಹುಟ್ಟಿತು. ಆ ಮಗು ಅತ್ತ ಜೋರಿಗೆ ಹಂದನಕೆರೆಯ ತೋಟದಲ್ಲಿ ಕಾಯಿ ತಾನಾಗಿ ಉದುರಿ, ಮರ ಹತ್ತುವ ದುರ್ಗಯ್ಯನಿಗೆ ಅವತ್ತು ಕೆಲಸವೇ ಇಲ್ಲದಂತಾಯಿತು. ಚಿಕ್ಕಗೌರಮ್ಮನ ಸುಸ್ತು ಪೂರ್ತಿ ಹೋಯಿತು ಎಂದು ಹೇಳಲಾರೆ. ಕೂಸು ರಾತ್ರಿ ಮಲಗಗೊಡುತ್ತಿರಲಿಲ್ಲ. ಆದರೆ ಮಗು ಉಳಿಯಿತು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರಿನ ಮಹಿಳಾ ಮಂಡಳಿಯಲ್ಲಿ ಅಡುಗೆ ಶಿಬಿರ ಇಟ್ಟರೆ ಹೋಗಿ. ಬೇರೆಯವರ ಊಟ ನೋಡಿ, ನಿಮ್ಮದೂ ತೋರಿಸಿ. ಬಸುರಿ ಬಾಣಂತಿಯರಿಗೆ ಬಿಸಿ ಊಟ ಮೊದಲು ಬಡಿಸಿ, ಹೊಟ್ಟೆತುಂಬ ಬಡಿಸಿ. ಸೊಪ್ಪು, ಕಾಳು, ರಾಗಿ, ಒಂದು ಚೂರು ಕಾಯಿ, ಎಲ್ಲ ನಿಮ್ಮ ಮನೆಯಲ್ಲೇ ಇದೆ.

ಇದೆಲ್ಲ ಹೆಂಗಸರ ಮಾತು ಎಂದು ಜಗಲಿಯಲ್ಲಿ ಬೀಡಿ ಹಚ್ಚಿ ಕೂತಿರುವ ಯಜಮಾನರೇ, ನಿಮ್ಮಿಂದ ಒಂದೇ ಒಂದು ಉಪಕಾರ ಆಗಬೇಕು. ಇವತ್ತು ರಾತ್ರಿ ನೀವೇ ನಿಂತು ಎಲ್ಲರಿಗೂ ಬಡಿಸಿ, ಕೊನೆಗೆ ಊಟಕ್ಕೆ ಕೂತುಕೊಳ್ಳಿ. ಪಾತ್ರೆಯಲ್ಲಿ ಏನು ಉಳಿದಿತ್ತು ಎಂದು ನಾಳೆ ಬಂದು ನನಗೆ ಹೇಳಿ.