ದಿನಾ ಎರಡು ಲೋಟ ದಿಂಡಿನ ರಸ

ಸಂಸೆಯ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ರುದ್ರಪ್ಪನವರ ಕಿಡ್ನಿ ಸೋಲುತ್ತಿದೆ ಎಂದು ಡಾಕ್ಟರು ಹೇಳಿದ್ದು ೨೦೦೩ರ ಜನವರಿಯಲ್ಲಿ. ಅಂದಿನಿಂದ ಹೆಂಡತಿ ಶಂಕರಮ್ಮ, ಉಪ್ಪು ಕಮ್ಮಿ, ಬಾಳೆಹಣ್ಣು, ಎಳನೀರು ಕೂಡದು ಎಂದು ಅವರು ಬರೆದುಕೊಟ್ಟ ಚೀಟಿಯನ್ನು ಅಡಿಗೆಮನೆ ಗೋಡೆಗೆ ಅಂಟಿಸಿಕೊಂಡು ಹಾಗೇ ನಡೆದಳು.

ಗಂಡನ ಅಕ್ಕ ರಂಗಮ್ಮ ಕಳಸದಿಂದ ಬಂದವರು ಚೀಟಿ ನೋಡಿ ಮೂತಿ ತಿರುವಿದರು. ಅವರ ಕಿಡ್ನಿ ಕಲ್ಲು ಬಾಳೆದಿಂಡಿನ ರಸಕ್ಕೇ ಕರಗಿತ್ತಂತೆ. ನಿನಗೆ ಹಿತ್ತಲ ಗಿಡ ಮದ್ದಲ್ಲ ಅಲ್ವೇ ಎಂದು ಚುಚ್ಚಿದರು. ಶಂಕರಮ್ಮ ಚೀಟಿಯನ್ನು ಇನ್ನೊಮ್ಮೆ ಓದಿದಳು. ಹಣ್ಣು ಬೇಡ ಅಂತಿತ್ತು, ದಿಂಡಿನ ಸುದ್ದಿ ಇರಲಿಲ್ಲ. ಕಿಡ್ನಿಗೆ ಬಂದದ್ದೆಲ್ಲ ಒಂದೇ ರೋಗ ಎಂದು ನಂಬಿದ ಪುಣ್ಯಾತ್ಗಿತ್ತಿ, ಗೊನೆ ಕಡಿದ ಬಾಳೆಯ ದಿಂಡು ಜಜ್ಜಿ ದಿನಾ ಎರಡು ಲೋಟ ಕುಡಿಸತೊಡಗಿದಳು. ಒಗರು, ಬೇಡ ಮಾರಾಯ್ತಿ ಎಂದು ರುದ್ರಪ್ಪ ಗೋಗರೆದರೂ ಬಿಡಲಿಲ್ಲ.

ಹದಿನೈದನೇ ದಿನ ಕಾಫಿ ಕಣದಲ್ಲಿ ಕೂತ ರುದ್ರಪ್ಪನವರಿಗೆ ಏಳಲಾಗಲಿಲ್ಲ. ಕಾಲಲ್ಲಿ ಬಲವೇ ಇಲ್ಲ ಎಂದರು. ಜೀಪಿನಲ್ಲಿ ಆಸ್ಪತ್ರೆ ಮುಟ್ಟುವವರೆಗೂ ಶಂಕರಮ್ಮ ಅವರ ನಾಡಿ ಹಿಡಿದೇ ಕೂತಿದ್ದಳು. ಒಂದು ಬಡಿತವಾಗಿ ಇನ್ನೊಂದು ಬರುವಷ್ಟರಲ್ಲಿ ಅವಳ ಜೀವ ಬಾಯಿಗೆ ಬರುತ್ತಿತ್ತು.

ಇಸಿಜಿ ನೋಡಿದ ಡಾಕ್ಟರು, ಹೃದಯದ ಬಡಿತ ತಪ್ಪುತ್ತಿದೆ, ಏನು ತಿಂದರು ಎಂದು ಕೇಳಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಶಂಕರಮ್ಮ ಬಾಳೆಕರೆ ಹತ್ತಿದ ಬೆರಳುಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಅಷ್ಟರಲ್ಲಿ ರುದ್ರಪ್ಪನವರೇ, ಕದ್ದು ಒಂದು ಬಾಳೆಹಣ್ಣು ತಿಂದೆ ಎಂದರು. ಉಸಿರಾಡಲು ಕಷ್ಟಪಡುತ್ತಿದ್ದ ಮನುಷ್ಯ ಹೆಂಡತಿಯ ಮಾನ ಕಾಯಲು ಸುಳ್ಳು ಹೇಳುತ್ತಿದ್ದ. ಅವಳಿಗೆ ತಡೆಯಲಾಗಲಿಲ್ಲ.

"ಸುಳ್ಳು ಡಾಕ್ಟ್ರೇ. ಬಾಳೆದಿಂಡಿನ ರಸ, ದಿನಾ ಎರಡು ಲೋಟ. ಇವತ್ತೂ. ಬೇಡ ಅಂದ್ರೂ ನಾನೇ ಕುಡಿಸಿದೆ."

ಡಾಕ್ಟರು ಬೈಯಲಿಲ್ಲ, ಇಂಜೆಕ್ಷನ್ ತರಿಸಿದರು. ಆಮೇಲೆ ಹೇಳಿದರು: ಹಣ್ಣಿನಂತೆ ದಿಂಡಿನಲ್ಲೂ ಪೊಟ್ಯಾಸಿಯಂ ಇದೆ, ಸೋತ ಕಿಡ್ನಿ ಅದನ್ನು ಹೊರಗೆ ಹಾಕುವುದಿಲ್ಲ, ರಕ್ತದಲ್ಲಿ ಉಳಿದು ಹೃದಯವನ್ನೇ ನಿಲ್ಲಿಸಬಲ್ಲದು. ನಾಳೆಯವರೆಗೆ ಏನೂ ಹೇಳಲಾಗದು.

ಸಂಜೆ ಬಸ್ಸಿಗೆ ರಂಗಮ್ಮ ಬಂದರು, ಚೀಲದಲ್ಲಿ ಒಂದು ಬಾಟಲಿ ರಸ. ಆಸ್ಪತ್ರೆ ಔಷಧಿ ಉಷ್ಣ, ಇದನ್ನು ಮಾತ್ರ ತಪ್ಪಿಸಬೇಡ ಎಂದರು. ಇಪ್ಪತ್ತೆರಡು ವರ್ಷ ಅವರೆದುರು ದನಿ ಎತ್ತದ ಶಂಕರಮ್ಮ ಬಾಟಲಿ ಇಸಿದುಕೊಂಡು ವಾಶ್‌ಬೇಸಿನ್ನಿಗೆ ಸುರಿದಳು.

"ನಿಮಗೆ ಕಲ್ಲು ಕರಗಿತು ಅತ್ತಿಗೆ. ಇವರ ಎದೆ ನಿಲ್ಲಿಸ್ತಿತ್ತು."

ಮತ್ತೆ ಹೋಗಿ ಗಂಡನ ನಾಡಿ ಹಿಡಿದು ಕೂತಳು. ಕರೆ ಹತ್ತಿದ ಬೆರಳುಗಳನ್ನು ಈ ಸಲ ಮುಚ್ಚಿಕೊಳ್ಳಲಿಲ್ಲ.