ಮರದ ಪೆಟ್ಟಿಗೆಯಲ್ಲಿ ಬಂದ ಹೂಡಿಕೆ

ಬಾಗಿಲ ಕೀಲು ತಯಾರಿಸುವ ಆ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಫಿಟ್ಟರಮ್ಮ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷಗಳಿಂದ, ತಗಡು ಕತ್ತರಿಸುವ ಹಳೇ ಪ್ರೆಸ್ಸಿಗೆ ತೇಪೆ ಹಾಕುತ್ತ ಬಂದವಳು. "ಹೊಸದೊಂದು ತರಿಸಿ ಯಜಮಾನ್ರೇ, ಇದು ಯಾವತ್ತಾದ್ರೂ ಯಾರದ್ದಾದ್ರೂ ಬೆರಳು ತಿನ್ನುತ್ತೆ" ಎಂದಾಗಲೆಲ್ಲ ಯಜಮಾನರದು ಒಂದೇ ರಾಗ: "ತೆರಿಗೆ ಹೀಗೆ ಕತ್ತು ಹಿಸುಕ್ತಿರುವಾಗ ಎಲ್ಲಿಂದ ತರ್ಲಿ?" ಹಿಸುಕಿಸಿಕೊಂಡ ಆ ಕತ್ತು ಅಂಗಿಯ ಕಾಲರಿನ ಮೇಲೆ ಎರಡು ಮಡಿಕೆಯಾಗಿ ಕೂತಿರುತ್ತಿತ್ತು.

ಕೊನೆಗೆ ಸರ್ಕಾರದ ಕರುಳು ಚುರುಕ್ಕೆಂದಿತು. ವರ್ಷ ಮುಗಿಯುವುದರೊಳಗೆ ಹೊಸ ಯಂತ್ರ ಕೊಂಡು ಬಳಸುವ ಕಂಪನಿಗೆ, ಅದರ ಪೂರ್ತಿ ಬೆಲೆಯನ್ನು ಲಾಭದಲ್ಲಿ ಕಳೆದು ಉಳಿದದ್ದಕ್ಕಷ್ಟೇ ತೆರಿಗೆ ಎಂದು ಸಾರಿತು. ಕಾರ್ಖಾನೆಗಳು ಬೆಳೆದು ನಾಲ್ಕು ಜನಕ್ಕೆ ಕೆಲಸ ಸಿಗಲಿ ಎಂಬ ಆಸೆ. ವರ್ಷದ ಕೊನೆಯ ವಾರ ಲಾರಿಯೊಂದು ದೊಡ್ಡ ಮರದ ಪೆಟ್ಟಿಗೆಯನ್ನು ಇಳಿಸಿಹೋಯಿತು.

ಫಿಟ್ಟರಮ್ಮ ಹಾರೆ ಹಿಡಿದೇ ಓಡಿಬಂದಳು. ಲೆಕ್ಕಪತ್ರ ನೋಡುವ ಯಜಮಾನರ ಅಳಿಯ ಅಡ್ಡ ನಿಂತ.

"ಬಿಚ್ಚಬೇಡ. ತೆರಿಗೆ ಉಳೀತಲ್ಲ, ಇದರ ಕೆಲಸ ಮುಗೀತು."

"ಇದಿರೋದು ಕೀಲು ಮಾಡೋಕಲ್ವಾ?"

"ಕೊಳ್ಳೋರು ಇಷ್ಟೇ ಜನ. ಜಾಸ್ತಿ ಮಾಡಿ ಯಾರ ತಲೆಗೆ ಕಟ್ಟೋಣ? ಆಮೇಲೆ ಮಾರಿದ್ರಾಯ್ತು."

"ಹಳೇದನ್ನಾದ್ರೂ ತೆಗೀಬಹುದಲ್ಲ?"

"ಓಡ್ತಿದೆಯಲ್ಲ!"

ಅಂದಿನಿಂದ ಕೆಲಸಗಾರರು ಪೆಟ್ಟಿಗೆಯ ಮೇಲೆ ಕೂತು ಊಟದ ಡಬ್ಬಿ ಬಿಚ್ಚತೊಡಗಿದರು. ಯಜಮಾನರ ಕೋಣೆಗೆ ಹೊಸ ಸೋಫಾ ಬಂತು. ಹಳೇ ಪ್ರೆಸ್ಸು ಕೆಲಸದವಳೊಬ್ಬಳ ಹೆಬ್ಬೆರಳ ತುದಿಯನ್ನು ಕಚ್ಚಿಕೊಂಡಿತು. ಯಜಮಾನರು ಅವಳ ಮನೆಗೆ ಅರ್ಧ ಡಜನ್ ಕಿತ್ತಳೆ ಕಳಿಸಿ ದೊಡ್ಡವರಾದರು.

ಹನ್ನೊಂದು ತಿಂಗಳಾದ ಮೇಲೆ ತೆರಿಗೆ ಇಲಾಖೆಯಿಂದ ಕಾಗದ ಬಂತು: ಯಂತ್ರ ಬಳಕೆಯಲ್ಲಿದೆಯೇ ಎಂದು ನೋಡಲು ಅಧಿಕಾರಿ ಬರುತ್ತಾರೆ. "ಫಿಟ್ಟರಮ್ಮಾ, ನೀನೇ ಕಾಪಾಡ್ಬೇಕು" ಎಂದು ಯಜಮಾನರು ಅಂಗಲಾಚಿದರು. ಅವಳು ಮೂರು ದಿನ ಬೆವರು ಸುರಿಸಿ ಯಂತ್ರ ಕೂಡಿಸಿದಳು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಅದು ತಗಡು ಕತ್ತರಿಸುವುದನ್ನು ಕಂಡು ಅವಳ ಹೊಟ್ಟೆ ಉರಿಯಿತು. ಇಷ್ಟು ದಿನ ಇದು ಇಲ್ಲೇ ಇತ್ತಲ್ಲ!

"ದಿನಾ ಓಡುತ್ತಾ?" ಅಧಿಕಾರಿ ಕೇಳಿದರು.

"ಓಹೋ, ದಿನಾ!" ಎಂದರು ಯಜಮಾನರು.

ಅಧಿಕಾರಿ ಅವಳತ್ತ ತಿರುಗಿದರು. "ನೀವು ಹೇಳಿ."

"ಹನ್ನೊಂದು ತಿಂಗಳು ಇದರ ಮೇಲೆ ಕೂತು ಊಟ ಮಾಡಿದ್ವಿ ಸಾರ್. ಓಡೋಕೆ ಶುರುವಾಗಿದ್ದು ಇವತ್ತು ಬೆಳಿಗ್ಗೆ."

ಯಜಮಾನರು ಇಂಗು ತಿಂದ ಮಂಗನಂತಾದರು. ರಿಯಾಯಿತಿ ರದ್ದಾಯಿತು, ಮೇಲೆ ದಂಡವೂ ಬಿತ್ತು.

"ಉಂಡ ಮನೆ ಗಳ ಹಿರಿದೆಯಲ್ಲೇ!" ಎಂದು ಅವರು ಕಿರುಚಾಡಿದರು. ಆದರೆ ಅವಳನ್ನು ಹೊರಹಾಕಲು ಕೈ ಬರಲಿಲ್ಲ. ಆ ಯಂತ್ರ ಬಲ್ಲವಳು ಅವಳೊಬ್ಬಳೇ, ಕಳಕೊಂಡಿದ್ದನ್ನು ಅದರಿಂದಲೇ ದುಡಿಸಿಕೊಳ್ಳಬೇಕಿತ್ತು. ಹಳೇ ಪ್ರೆಸ್ಸು ಗುಜರಿಗೆ ಹೋಯಿತು.

ಎರಡು ತಿಂಗಳಲ್ಲಿ ಕಾರ್ಖಾನೆದಾರರ ಸಂಘದವರು ಹೊಸ ಯಂತ್ರ ನೋಡಲು ಬಂದರು. ಯಜಮಾನರು ಯಂತ್ರದ ಬೆನ್ನು ಸವರುತ್ತ, "ತೆರಿಗೆ ಇನ್ನಷ್ಟು ಇಳಿಸಲಿ, ಇಂಥವು ಹತ್ತು ತರ್ತೀನಿ. ದೇಶ ಬೆಳೆಯೋದೇ ನಮ್ಮಂಥವರ ಧೈರ್ಯದಿಂದ" ಎಂದರು. ಬಂದವರು ಚಪ್ಪಾಳೆ ತಟ್ಟಿದರು.

ಫಿಟ್ಟರಮ್ಮನಿಗೆ ಸಿಟ್ಟೂ ಬರಲಿಲ್ಲ. ಸಿಟ್ಟು ಮಾಡಿಕೊಳ್ಳುವುದಕ್ಕೂ ಎದುರಿನವರಿಗೆ ಒಂದಿಷ್ಟು ಯೋಗ್ಯತೆ ಇರಬೇಕು.

"ಸ್ವಲ್ಪ ಆ ಕಡೆ ನಿಂತ್ಕೊಳ್ಳಿ ಯಜಮಾನ್ರೇ," ಎಂದಳು, "ಕೆಲಸ ಇದೆ."